ಏಡಿಯ ಕಾಯಿಗೆ ಕೈ ಹಾಕಿದ ಹಬೀಬ್ ಸಾಬರು

೧
ಕಥೆಯನ್ನು ಗುಬ್ಬಿಯಲ್ಲಿ ಶುರು ಮಾಡಲೇ, ನಿಕೋಬಾರಿನ ಕಡಲ ದಂಡೆಯಲ್ಲೇ? ಗುಬ್ಬಿಯಿಂದ ಹೊರಟರೆ ಸಮುದ್ರ ಮುಟ್ಟುವಷ್ಟರಲ್ಲಿ ನೀವು ಪುಸ್ತಕ ಮುಚ್ಚಿರುತ್ತೀರಿ. ದಂಡೆಯಲ್ಲೇ ಶುರು ಮಾಡಿದರೆ, ತೆಂಗಿನಕಾಯಿ ಮಂಡಿಯ ಹಬೀಬ್ ಸಾಬರಿಗೆ ಅಲ್ಲೇನು ಕೆಲಸ ಅನ್ನುತ್ತೀರಿ. ಟೂರ್ ಹೋಗಿದ್ದಾರೆ ಸ್ವಾಮಿ, ಜೊತೆಗೆ ಮಂಡಿಯ ಗೆಳೆಯ ಗುಂಡಯ್ಯ, ದಂಡೆಗೆ ಕರೆತಂದ ಬೋಟಿನವನು. ಆಯ್ತಲ್ಲ?

೨
(ಮೊದಲ ಡ್ರಾಫ್ಟಿನಲ್ಲಿ ನೀಲಿ ನೀರು, ಹವಳ, ಹಸಿರು ಕಾಡು ಅಂತ ಒಂದು ಪುಟ ಬರೆದಿದ್ದೆ. ಟ್ರಾವೆಲ್ ಏಜೆನ್ಸಿಯ ಪಾಂಪ್ಲೆಟ್ ಥರ ಇತ್ತು. ಹರಿದು ಹಾಕಿದೆ.)

೩
ಮಳೆ ನಿಂತ ಸಂಜೆ. ಕಾಡಿನಂಚಿನಲ್ಲಿ ಒಂದು ಏಡಿ. ನಮ್ಮ ಕೆರೆ ಏಡಿಯಲ್ಲ ಮಾರಾಯ್ರೇ! ಕಾಲು ಚಾಚಿದರೆ ಮೊರಕ್ಕಿಂತ ಅಗಲ, ಮೈಯೆಲ್ಲ ನೇರಳೆ. ಇಕ್ಕಳದಂಥ ಮುಂಗಾಲಿನಿಂದ ತೆಂಗಿನಕಾಯಿಯ ಸಿಪ್ಪೆಯನ್ನು, ಕಣ್ಣಿರುವ ಕಡೆಯಿಂದ, ಒಂದೊಂದೇ ನಾರಾಗಿ ಕೀಳುತ್ತಿತ್ತು.

"ಯಾ ಅಲ್ಲಾ! ಗುಂಡಯ್ಯ, ನೋಡಯ್ಯಾ ಇಲ್ಲಿ. ಸಲಾಕೆ ಇಲ್ದೆ ಸುಲೀತೈತೆ!"

ಮಂಡಿಯಲ್ಲಿ ಒಂದು ಪದ್ಧತಿ. ಕಾಯಿ ಯಾರದೇ ಇರಲಿ, ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ನೀರೆಷ್ಟು ಅಂತ ಹೇಳುವುದು. ಯಾರನ್ನೂ ಕೇಳಬೇಕಿಲ್ಲ. ನಲವತ್ತು ವರ್ಷದ ಅಭ್ಯಾಸದ ಕೈ, ಏಡಿಯ ಕಾಯಿಗೂ ಹೋಯಿತು.

ಏಡಿ ಸಾಬರ ಬಲಗೈ ಹೆಬ್ಬೆರಳು ಹಿಡಿದುಕೊಂಡಿತು.

೪
ಆ ಬೆರಳು ಹೋದರೆ ಸಾಬರು ಇನ್ನು ಕಾಯಿ ಹಿಡಿಯುವಂತಿಲ್ಲ. ಗುಂಡಯ್ಯ ದಪ್ಪನೆಯ ಕೊರಡು ಎತ್ತಿದ.

"ಬುಡಿ ಸಾಬ್ರೆ, ಒಂದೇ ಏಟ್ ಹಾಕ್ತೀನಿ."

"ಬ್ಯಾಡ ಕಣಯ್ಯಾ! ಅದರ ಕಾಯಿಗೆ ಕೈ ಹಾಕಿದ್ದು ನಾನು."

೫
ಮುಕ್ತಾಯ ಒಂದು: ಗುಂಡಯ್ಯ ಹೊಡೆದ. ಏಡಿ ಸತ್ತಿತು, ಬೆರಳು ಉಳಿಯಿತು.

ಸಾಬರು ನನ್ನ ಕಡೆ ತಿರುಗಿದರು. "ಏನ್ ಸಾರ್, ಪೆನ್ ಕೈಯಲ್ಲೈತೆ ಅಂತ ಕೊಂದ್ಬುಡ್ತೀರಾ? ನಾನು ಮಂಡಿಗೆ ಬಂದಷ್ಟೇ ವರ್ಷ ಆಗಿರಬೋದಂತೆ ಅದಕ್ಕೆ. ಬೋಟಿನೋನು ಹೇಳ್ದ."

ಹೊಡೆದು ಹಾಕಿದೆ. (ವಾಕ್ಯವನ್ನು.)

ಮುಕ್ತಾಯ ಎರಡು: ಬೆರಳು ಹೋಯಿತು. ಇದನ್ನೂ ಹೊಡೆದು ಹಾಕಿದೆ. ಬೇಡ.

ಮುಕ್ತಾಯ ಮೂರು: ಏಡಿಯ ಹೊಟ್ಟೆಯಡಿ ಮೆಲ್ಲಗೆ ಸವರಿದರೆ ಬಿಡುತ್ತದೆ ಎಂದು ಬೋಟಿನವನು ಕೂಗಿದ. ಗುಂಡಯ್ಯ ಕೊರಡು ಎಸೆದು, ಬಿದ್ದಿದ್ದ ನಾರೊಂದನ್ನು ಹಿಡಿದು ಬಗ್ಗಿದ. ಅಬ್ಬಾ, ಎಲ್ಲರೂ ಬಚಾವ್!

"ತಡಿ ಗುಂಡಯ್ಯ." ಸಾಬರು ಹಲ್ಲು ಕಚ್ಚಿದ್ದರು, ಕಣ್ಣಲ್ಲಿ ನೀರು. ಏಡಿ ಮೀಸೆ ಆಡಿಸುತ್ತಾ ಅವರ ಮುಖವನ್ನೇ ನೋಡುತ್ತಿತ್ತು. "ಒಂದ್ನಿಮಿಷ. ಇಷ್ಟ್ ಹತ್ರದಿಂದ ಇನ್ಯಾವಾಗ ನೋಡೋದು ಇದನ್ನ?"

ಬೇಗ ಬಿಡಿಸ್ರೀ ಅಂತ ನನ್ನ ಮೇಲೆ ರೇಗಬೇಡಿ. ನೋವು ತಿನ್ನುತ್ತಿರುವವರೇ ತಡಿ ಅನ್ನುವಾಗ ನಾನ್ಯಾವನು?