ಹತ್ತಿ ತುಳಿಯದ ಹೇಸರಗತ್ತೆ

"ಬಾರ್ಸೋ ಬೋಳಿಮಗನೆ. ಆ ಕತ್ತೆಗೆ ಬಾರ್ಸು, ಇಲ್ದಿದ್ರೆ ನಿಂಗ್ ಬೀಳ್ತವೆ."

ಹೊಲದ ಒಡೆಯ ಹ್ಯಾಸ್ಕ್ಯೂ ದೊರೆ ಮರದ ನೆರಳಲ್ಲಿ ನಿಂತು ಕೂಗುತ್ತ ಬೆವರೊರೆಸಿಕೊಳ್ಳುತ್ತಿದ್ದ. ಬಿಸಿಲಲ್ಲಿ ನೇಗಿಲು ಹಿಡಿದು ನಿಂತಿದ್ದ ಅರ್ಧ ಪಾಲಿನ ಬೇಸಾಯಗಾರ ಎಜೆಲ್, ನೆರಳಲ್ಲಿದ್ದವನಿಗೆ ಬೆವರು ಎಲ್ಲಿಂದ ಬಂತಪ್ಪಾ ಎಂದುಕೊಂಡ.

ಸೊಂಟದೆತ್ತರ ಬೆಳೆದ ಹತ್ತಿಯ ಮುಂದೆ ಹೇಸರಗತ್ತೆ ಜೂಡಿ ಕಾಲೂರಿ ನಿಂತುಬಿಟ್ಟಿತ್ತು. ಮರಿಯಾಗಿದ್ದಾಗ ಒಂದು ಗಿಡ ತುಳಿದರೂ ಹೊಡೆದು, ಸಾಲಿನ ನಡುವೆಯೇ ನಡೆಯುವುದನ್ನು ಅದಕ್ಕೆ ಕಲಿಸಿದವನು ಎಜೆಲ್. ಕಲಿಸದಿದ್ದರೆ ದೊರೆಯ ಏಟು ಎಜೆಲ್‌ಗೇ ಬೀಳುತ್ತಿತ್ತು. ಈಗ ಗಿಡದ ಮೇಲೆಯೇ ನಡೆ ಎಂದರೆ, ಹದಿನಾಲ್ಕು ವರ್ಷ ಮಾಡಿದ್ದನ್ನು ಅದು ಒಂದು ಬೆಳಿಗ್ಗೆ ಮರೆಯುತ್ತದೆಯೇ?

ವಾಷಿಂಗ್ಟನ್ನಿನ ಬುದ್ಧಿವಂತರೆಲ್ಲ ಕೂತು ಯೋಚಿಸಿದ್ದರಂತೆ. ದೇಶದಲ್ಲಿ ಹತ್ತಿ ಹೆಚ್ಚಾಗಿ ಬೆಲೆ ನೆಲ ಕಚ್ಚಿದೆ, ಬೆಳೆದು ನಿಂತದ್ದನ್ನು ಉತ್ತು ಮಣ್ಣು ಮಾಡಿದರೆ ಸರ್ಕಾರವೇ ಹಣ ಕೊಡುತ್ತದೆ. ಸಾವಿರದ ಒಂಬೈನೂರ ಮೂವತ್ತಮೂರರ ಆ ಆಗಸ್ಟಿನಲ್ಲಿ ಅಲಬಾಮಾದ ತುಂಬ ಇದೇ ಕೆಲಸ. ಹಣ ಒಡೆಯನಿಗೆ, ಉಳುವುದು ಎಜೆಲ್‌ಗೆ. ಅಷ್ಟು ಹತ್ತಿ ಬೆಳೆದವನ ಮಕ್ಕಳು ಹಳೇ ಹಿಟ್ಟಿನ ಚೀಲ ಹೊಲಿದು ತೊಟ್ಟಿದ್ದವು.

"ಅದು ತುಳಿಯಾಕಿಲ್ಲ ಬುದ್ಧಿ," ಎಂದ ಎಜೆಲ್. "ತುಳೀಬಾರ್ದು ಅಂತ ನಾವೇ ಕಲ್ಸಿರದು."

"ಸರ್ಕಾರದ ಹುಕುಂ ಕಣೋ ಇದು."

"ಅದ್ಕೆ ಗೊತ್ತಾಗ್ನಿಲ್ಲ ಅಂತ ಕಾಣ್ತದೆ. ಆಪೀಸರು ಒಂದ್ಸಲ ಅದ್ರ ಕಿವೀಲಿ ಓದಿ ಹೇಳ್ಲಿ."

ಹೊಲ ಉತ್ತದ್ದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಲು ಬಂದಿದ್ದ ಅಧಿಕಾರಿ ವಿಟ್ಲೋ ತಲೆ ತಗ್ಗಿಸಿ ಕಾಗದ ನೋಡತೊಡಗಿದ.

ಎಜೆಲ್ ಮೂರು ದಿನದಿಂದ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟ. "ಉತ್ತಾಕಿದ್ ಮೇಲೆ ನಮ್ ಅರ್ಧ ಪಾಲು ಬುದ್ಧಿ?"

"ಬೆಳೇನೇ ಇಲ್ಲ ಅಂದ್ಮೇಲೆ ಯಾವ ಪಾಲ್ಲಾ? ಈ ಹೊಲಕ್ಕೆ ಇನ್ ನೀನೂ ಬ್ಯಾಡ. ಭಾನ್ವಾರದೊಳ್ಗೆ ಗುಡ್ಲು ಖಾಲಿ ಮಾಡು. ಈಗ ಕತ್ತೆ ಬಿಚ್ಚು. ಹೆಂಡ್ತಿನ ಕರಿ. ಗಂಡ ಹೆಂಡ್ತಿ ಇಬ್ರೂ ಸೇರಿ ನೇಗ್ಲು ಎಳೀರಿ."

ಹೊಲದ ಜೊತೆಗೆ ಎಜೆಲ್ ತನ್ನ ಗುಡಿಸಲನ್ನೂ ತಾನೇ ಉತ್ತುಹಾಕಬೇಕಾಗಿತ್ತು.

ಹೆಂಡತಿ ಓವಿಡಾ ಕರೆಯುವ ಮೊದಲೇ ಬಂದಳು. ಹೆಗಲಿಗೆ ಹತ್ತಿ ಬಿಡಿಸುವ ಉದ್ದನೆಯ ಚೀಲ. ದೊರೆಯ ಪಕ್ಕದಲ್ಲೇ ಹಾದು, ಬಿರಿದ ಕಾಯಿಗಳ ಸಾಲಿಗೆ ಹೋಗಿ ಬಿಡಿಸತೊಡಗಿದಳು.

"ಏಯ್, ಏನೇ ಮಾಡ್ತಿದೀಯಾ?"

"ಅರ್ಧ ನಮ್ದು ಬುದ್ಧಿ. ಅದನ್ ಬಿಡಿಸ್ಕತೀನಿ. ನಿಮ್ಮರ್ಧ ನೀವ್ ಉತ್ಕಳಿ. ಆಪೀಸರ್ನೂ ಜೊತೆಗ್ ಕಟ್ಕಳಿ, ಇಬ್ರೂ ಮೈಕೈ ತುಂಬ್ಕಂಡು ಚೆನ್ನಾಗವ್ರೆ."

ಎಜೆಲ್‌ಗೆ ಹೆದರಿಕೆ ಹೋಗಿರಲಿಲ್ಲ. ಆದರೂ ನೇಗಿಲು ಬಿಟ್ಟು ಹೆಂಡತಿಯ ಚೀಲದ ಇನ್ನೊಂದು ಬದಿ ಹಿಡಿದ.

ಪಕ್ಕದ ಹೊಲಗಳಲ್ಲಿ, ಹೀಗೇ ತುಳಿಯದೆ ನಿಂತ ಕತ್ತೆಗಳ ಜೊತೆ ಗುದ್ದಾಡುತ್ತಿದ್ದ ಬೇರೆ ಪಾಲುಗಾರರು ನಿಂತು ನೋಡಿದರು. ಒಬ್ಬ ನೇಗಿಲು ಬಿಟ್ಟ, ಆಮೇಲೆ ಇನ್ನಿಬ್ಬರು. ಗುಡಿಸಲುಗಳಿಂದ ಹೆಂಗಸರು ಚೀಲ ತಂದರು. ವಿಟ್ಲೋ ನಾಳೆ ಬರುತ್ತೇನೆಂದು ಗೊಣಗಿ ಕಾರು ಹತ್ತಿದ. ದೊರೆ ಬಂದೂಕಿಗಾಗಿ ಮನೆ ಕಡೆ ಓಡಿದ.

ತಿರುಗಿ ಬಂದಾಗ ಹೊಲದಲ್ಲಿ ಇಪ್ಪತ್ತು ಮೂವತ್ತು ಜನ ಬಗ್ಗಿದ್ದರು. ಗುಂಡು ಹಾರಿಸಲು ಅವನು ಬಂದೂಕಿನ ಕುದುರೆ ಹಿಂದಕ್ಕೆಳೆದ ಸದ್ದು ಎಲ್ಲರಿಗೂ ಕೇಳಿಸಿತು. ಯಾರೂ ತಿರುಗಲಿಲ್ಲ. ಯಾರಿಗೆ ಗುರಿಯಿಡುವುದೆಂದು ಹುಡುಕಿದ ದೊರೆಗೆ ಕಂಡದ್ದು ಬರೀ ಬೆನ್ನುಗಳು.