ಸರ್ವಮಂಗಳಮ್ಮನ ತಟ್ಟೆಗಳು

ಮೆಟ್ಟಿಲ ಕೆಳಗಿನ ಗೂಡಿನೊಳಗೆ ಅರ್ಧ ಮೈ ತೂರಿಸಿ ಚನ್ನವೀರಯ್ಯನವರು ಕೈಯಾಡಿಸಿದರು. ಹಳೆಯ ಚಾಪೆ ಸಿಕ್ಕಿತು, ಗಣಪತಿ ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ಟಿನ ಗಂಟು ಸಿಕ್ಕಿತು, ತಟ್ಟೆಯ ಮೂಟೆಗಳು ಮಾತ್ರ ಸಿಗಲಿಲ್ಲ. ಮೊಬೈಲಿನ ಟಾರ್ಚು ಹಾಕಿ ಇನ್ನೊಮ್ಮೆ ನೋಡಿದರು. ಮೂಟೆಗಳಿದ್ದ ಜಾಗವನ್ನು ಯಾರೋ ಗುಡಿಸಿ ಚೊಕ್ಕಟ ಮಾಡಿದ್ದರು.

ನಡುಮನೆಯಲ್ಲಿ ಅವರ ಹೆಂಡತಿ ಸರ್ವಮಂಗಳಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಉಡುವುದಕ್ಕೆ ಆಕೆ ಸದಾ ಹಿಂದೆಮುಂದೆ ನೋಡುತ್ತಿದ್ದ ಹಸಿರು ರೇಷ್ಮೆ ಸೀರೆ. ನಸುಕಿನಲ್ಲಿ ಜೀವ ಹೋಗಿತ್ತು. ಕುಣಿಗಲ್ಲಿನಿಂದ ಆಕೆಯ ತವರಿನವರು, ಗುಬ್ಬಿಯಿಂದ ಗಂಡನ ಕಡೆಯವರು ಬರುತ್ತಿದ್ದರು. ಬಂದವರು ಅತ್ತು, ಕಣ್ಣೊರೆಸಿಕೊಂಡು, ಶಾಮಿಯಾನದ ಕೆಳಗೆ ಒಂದೊಂದು ಕುರ್ಚಿ ಹಿಡಿದು ಕಾಫಿ ಕುಡಿಯುತ್ತಿದ್ದರು. ಕುಡಿಯುತ್ತಿದ್ದದ್ದು ಪೇಪರ್ ಕಪ್ಪಿನಲ್ಲಿ.

ಆ ಪೇಪರ್ ಕಪ್ಪೇ ಚನ್ನವೀರಯ್ಯನವರನ್ನು ಹೆಂಡತಿಯ ಪಕ್ಕದಿಂದ ಎಬ್ಬಿಸಿ ಮೆಟ್ಟಿಲ ಕೆಳಗೆ ನುಗ್ಗಿಸಿದ್ದು. ಉಪ್ಪಾರಹಳ್ಳಿ ಬಡಾವಣೆಯಲ್ಲಿ ಅರ್ಧ ಜನಕ್ಕೆ ಸರ್ವಮಂಗಳಮ್ಮ ಅಂದರೆ ಗೊತ್ತಾಗುತ್ತಿರಲಿಲ್ಲ, 'ತಟ್ಟೆಯಮ್ಮ' ಅನ್ನಬೇಕಿತ್ತು. ವಾರ್ಡಿನಲ್ಲಿ ಯಾರ ಮನೆಯ ಮದುವೆ, ನಾಮಕರಣ, ಗೃಹಪ್ರವೇಶವಾದರೂ ಸ್ಟೀಲ್ ತಟ್ಟೆ, ಲೋಟ ಪುಕ್ಕಟೆಯಾಗಿ ಹೋಗುತ್ತಿದ್ದದ್ದು ಈ ಗೂಡಿನಿಂದ. ಊಟವಾದ ಮೇಲೆ ತೊಳೆದು ತಂದುಕೊಟ್ಟರೆ ಸಾಕು. ಅಂಥವಳು ಹೋದ ದಿನ ಅವಳ ಮನೆ ಬಾಗಿಲಲ್ಲೇ ಪೇಪರ್ ಕಪ್ಪು ಗುಡ್ಡೆ ಬೀಳುವುದನ್ನು ನೋಡಿಕೊಂಡು ಸುಮ್ಮನೆ ಕೂರುವುದು ಅವರಿಂದ ಆಗಲಿಲ್ಲ.

"ದೀಪಿಕಾ, ಮೂಟೆಗಳೆಲ್ಲಮ್ಮ?"

ಸೊಸೆ ದೀಪಿಕಾ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ತಲೆಯೆತ್ತಲಿಲ್ಲ. "ಹೊಂಬಾಳಮ್ಮನೋರ ಮನೇಲವೆ, ಮಾವ."

"ಯಾವಾಗ ತಗೊಂಡ್ ಹೋದ್ರು?"

"ಮೊನ್ನೆ."

"ಮೊನ್ನೆ ಇವಳು ಇನ್ನೂ ಉಸಿರಾಡ್ತಿದ್ಲಲ್ಲ!"

"ಆಮೇಲೆ ಹೇಳ್ತೀನಿ ಮಾವ. ಜನ ಅವ್ರೆ, ಈಗ ಬೇಡ."

ಹೇಳುವುದಕ್ಕೇನಿದೆ ಎಂದು ಚನ್ನವೀರಯ್ಯನವರಿಗೆ ಕ್ಷಣದಲ್ಲೇ ಹೊಳೆದುಹೋಯಿತು. ಪಕ್ಕದ ಮನೆಯ ಹೊಂಬಾಳಮ್ಮನ ಮೊಮ್ಮಗಳಿಗೆ ಮುಂದಿನ ತಿಂಗಳು ಮದುವೆ. ಸಾವಿನ ಮನೆಯಲ್ಲಿದ್ದ ತಟ್ಟೆಯನ್ನು ಮದುವೆ ಮನೆಯವರು ಕಣ್ಣೆತ್ತಿ ನೋಡುವುದಿಲ್ಲ. ಅದಕ್ಕೇ ಸಾಯುವ ಮುಂಚೆಯೇ ಎತ್ತಿಕೊಂಡು ಹೋಗಿದ್ದಾಳೆ! ಆ ಸಂಬಂಧ ಕುದುರಿಸಿದವಳು ಯಾರು? ಗಂಡಿನ ತಂದೆ ಗುಬ್ಬಿಯ ಮಹಾದೇವಯ್ಯ, ಚನ್ನವೀರಯ್ಯನವರ ಚಿಕ್ಕಪ್ಪನ ಮಗ. ಅವನ ಮಗನಿಗೆ ಈ ಹುಡುಗಿಯನ್ನು ತೋರಿಸಿ, ಎರಡೂ ಕಡೆ ಓಡಾಡಿ ಒಪ್ಪಿಸಿದವಳು ಇದೇ ಸರ್ವಮಂಗಳ.

ಅಷ್ಟರಲ್ಲಿ ಹೊಂಬಾಳಮ್ಮನೇ ಕಾಫಿಯ ಕ್ಯಾನು ಹಿಡಿದು ಒಳಗೆ ಬಂದರು. ಅತ್ತು ಅತ್ತು ಮುಖ ಊದಿತ್ತು. ಅದನ್ನು ನೋಡುವ ವ್ಯವಧಾನ ಚನ್ನವೀರಯ್ಯನವರಿಗಿರಲಿಲ್ಲ.

"ಉಸಿರು ನಿಲ್ಲೋ ತನಕಾನೂ ತಡೀಲಿಲ್ವಲ್ಲ ಹೊಂಬಾಳಕ್ಕ. ಮೊಮ್ಮಗಳ ಮದುವೆ ಊಟಕ್ಕೆ ನಮ್ಮ ಸಾವು ತಗಲ್ದೆ ಇರ್ಲಿ ಅಂತ ತಾನೆ?"

ಶಾಮಿಯಾನದ ಕೆಳಗಿದ್ದವರೆಲ್ಲ ತಿರುಗಿ ನೋಡಿದರು. ಹೊಂಬಾಳಮ್ಮ ಕ್ಯಾನನ್ನು ಕೆಳಗಿಟ್ಟರು.

"ನೀನು ಏನಂದ್ರೂ ಅನ್ನಿಸ್ಕೋತೀನಿ ಬುಡಣ್ಣ, ಇವತ್ತು," ಎಂದು ಹೇಳಿ ಸರ್ವಮಂಗಳಮ್ಮನ ಕಾಲ ಬಳಿ ಕೂತುಬಿಟ್ಟರು.

ಹೊರಗೆ ಕುರ್ಚಿಯಲ್ಲಿ ಕೂತಿದ್ದ ಮಹಾದೇವಯ್ಯ, ಯಾರೂ ಕೇಳದಿದ್ದರೂ, ಪಕ್ಕದವರಿಗೆ ತಿಳಿಹೇಳಿದರು. "ಇವೆಲ್ಲ ಅಜ್ಞಾನ ಕಣ್ರಪ್ಪ. ನಮ್ಮ ಧರ್ಮದಲ್ಲಿ ಸೂತಕ ಅನ್ನೋದೇ ಇಲ್ಲ. ಶರಣರು ಅವತ್ತೇ ಕಿತ್ತೆಸೆದವ್ರೆ." ಹೇಳಿ, ಖಾಲಿ ಕಪ್ಪನ್ನು ಕುರ್ಚಿಯ ಕೆಳಗೆ ಬಿಟ್ಟರು.

*

ತಟ್ಟೆ ಬ್ಯಾಂಕು ಶುರುವಾದದ್ದು ಹೊಗೆಯಿಂದ. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಯಾರ ಮನೆಯ ಫಂಕ್ಷನ್ ಮುಗಿದರೂ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಸುರಿದು ಬೆಂಕಿ ಹಚ್ಚುತ್ತಿದ್ದರು. ಒಣಹಾಕಿದ ಬಟ್ಟೆಗೆಲ್ಲ ಆ ನಾತ ಮೆತ್ತಿಕೊಳ್ಳುತ್ತಿತ್ತು. ಸರ್ವಮಂಗಳಮ್ಮ ಬೈದು ನೋಡಿದಳು, ಬೇಡಿ ನೋಡಿದಳು. "ಇನ್ನೆಲ್ಲಿ ಹಾಕೋಣ ಹೇಳಿ ಮೇಡಂ" ಎಂದು ಅವರೇ ತಿರುಗಿ ಕೇಳಿದರು.

ಅದೇ ಹೊತ್ತಿಗೆ ವಾರ್ಡಿನ ಕಚೇರಿಯವರು 'ಹಸಿರು ವಾರ್ಡು' ಎಂದು ಒಂದು ಕಾರ್ಯಕ್ರಮ ಹೂಡಿದರು. ಸಮುದಾಯ ಭವನದಲ್ಲಿ ಸಭೆ, ಬಂದವರಿಗೆಲ್ಲ ಹಸಿರು ಟೋಪಿ, ವೇದಿಕೆಯ ಮೇಲೆ ಒಬ್ಬೊಬ್ಬರ ಮುಂದೂ ಒಂದು ಪ್ಲಾಸ್ಟಿಕ್ ನೀರಿನ ಬಾಟಲಿ. ಜನ ಕೈಜೋಡಿಸಬೇಕು ಎಂದು ಭಾಷಣ ಮುಗಿದ ಮೇಲೆ ಸರ್ವಮಂಗಳಮ್ಮ ಎದ್ದು ನಿಂತಳು. ಹುಟ್ಟಿದಾಗಿನಿಂದ ಮೈಕು ಮುಟ್ಟಿದವಳಲ್ಲ.

"ಟೋಪಿ ಬೇಡ ಸ್ವಾಮಿ, ತಟ್ಟೆ ಕೊಡಿ. ತೊಳೆದು ಇಟ್ಕೊಳೋದು ನಮ್ಮ ಸಂಘದ ಹೆಂಗಸರು ನೋಡ್ಕೋತೀವಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟೆ ಬರುವುದಕ್ಕೆ ವರ್ಷದ ಮೇಲಾಯಿತು. ಅಷ್ಟು ದಿನವೂ ಕಚೇರಿಗೆ ಅಲೆದು ಅಲೆದು, ಹೆಲ್ತ್ ಇನ್‌ಸ್ಪೆಕ್ಟರ್ ಗಂಗಾಧರ್‌ಗೆ ಈಕೆಯನ್ನು ಕಂಡರೆ ಟೀ ಕುಡಿಯಲು ಎದ್ದುಹೋಗುವ ಅಭ್ಯಾಸವಾಗಿತ್ತು. ಕೊನೆಗೆ ಇವಳ ಕಾಟ ತಾಳಲಾರದೆ ಆತನೇ ಮೇಲಿನವರ ಬೆನ್ನು ಹತ್ತಿ ಮಂಜೂರು ಮಾಡಿಸಿದ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಹಿಂದಿನ ಕ್ರಾಸಿನಲ್ಲಿ ಒಂದು ಸಾವಾಯಿತು. ಸರ್ವಮಂಗಳಮ್ಮ ಹಿಂದೆಮುಂದೆ ನೋಡದೆ ಅಲ್ಲಿಗೂ ತಟ್ಟೆ ಕಳಿಸಿದಳು. ಮರುವಾರ ಮದುವೆ ಮನೆಗೆ ಹೋದ ಮೂಟೆ ಬಿಚ್ಚದೆ ವಾಪಸು ಬಂತು. ಹಂಡೆಯಲ್ಲಿ ನೀರು ಮರಳಿಸಿ ಎಲ್ಲರ ಕಣ್ಣೆದುರು ಅದ್ದಿ ತೆಗೆದಳು. ಹುಣಸೆಹಣ್ಣು ಹಾಕಿ ಉಜ್ಜಿದಳು. ತಟ್ಟೆ ಫಳಫಳ ಅಂದವು, ಜನ ಬಗ್ಗಲಿಲ್ಲ. ಆ ಬೇಸಿಗೆಯಿಡೀ ಮೂಟೆಗಳು ಗೂಡಿನಲ್ಲೇ ಕೂತವು, ಖಾಲಿ ಸೈಟಿನಲ್ಲಿ ಮತ್ತೆ ಹೊಗೆ ಎದ್ದಿತು. ಕೊನೆಗೆ ಅಷ್ಟೂ ತಟ್ಟೆಗಳನ್ನು ಮಠದ ಹಾಸ್ಟೆಲಿಗೆ ಕೊಟ್ಟು, ಹೊಸದಕ್ಕಾಗಿ ಮತ್ತೆ ಕಚೇರಿಯ ಮೆಟ್ಟಿಲು ಹತ್ತಿದಳು. ಅಲ್ಲಿಂದಾಚೆಗೆ ಸಾವಿನ ಮನೆಗೆ ತಟ್ಟೆಯಿಲ್ಲ ಎಂದು ಅವಳೇ ನಿಯಮ ಮಾಡಿದಳು.

"ನಮ್ಮೋರಿಗೆ ಸೂತಕ ಇಲ್ಲ, ನಿನ್ನ ತಟ್ಟೆಗಳಿಗೆ ಐತೇನೆ?" ಎಂದು ಚನ್ನವೀರಯ್ಯ ಕಿಚಾಯಿಸಿದ್ದರು.

ಆವತ್ತು ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ನಿಮಗೇನ್ರೀ, ಪೇಪರ್ ಓದ್ಕೊಂಡು ಮಾತಾಡ್ತೀರ. ಈ ಜನದ ಜೊತೆ ಏಗ್ಬೇಕಾದೋಳು ನಾನು. ಒಂದಿಷ್ಟು ಬಿಟ್ಕೊಟ್ರೆ ಒಂದಿಷ್ಟಾದ್ರೂ ಉಳಿಯುತ್ತೆ."

ಬಿಟ್ಟುಕೊಟ್ಟದ್ದು ಅವಳಿಗೆ ಅರಗಿರಲಿಲ್ಲ. ವಾರ್ಡಿನಲ್ಲಿ ಯಾರು ತೀರಿಕೊಂಡರೂ ಉಪ್ಪಿಟ್ಟು ಮಾಡಿಕೊಂಡು ಹೋಗುತ್ತಿದ್ದಳು. ಅಲ್ಲಿ ಅದನ್ನು ಪೇಪರ್ ತಟ್ಟೆಗೆ ಬಡಿಸಿ, ಮನೆಗೆ ಬಂದು ಆ ದಿನವೆಲ್ಲ ಗಂಡನ ಮೇಲೆ ಸಿಡುಕುತ್ತಿದ್ದಳು.

*

ಮಧ್ಯಾಹ್ನ ರುದ್ರಭೂಮಿಯಲ್ಲಿ ಕ್ರಿಯಾ ಸಮಾಧಿ ನಡೆಯಿತು. ಗಂಗಾಧರ್ ದೊಡ್ಡ ಹಾರ ತಂದಿದ್ದ. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚಿ, ಎಲ್ಲಿ ಹಾಕುವುದೆಂದು ತಿಳಿಯದೆ ಆಚೀಚೆ ನೋಡಿ, ಮುದುಡಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡ. "ಮೇಡಮ್ಮೋರ ತಟ್ಟೆ ಬ್ಯಾಂಕು ಊರಿಗೇ ಮಾದರಿ. ಅದನ್ನ ಉಳಿಸ್ಕೊಳೋದೇ ನಾವು ಕೊಡೋ ಶ್ರದ್ಧಾಂಜಲಿ," ಎಂದ. ಆ ಮಾತು ನಾಟಕವಾಗಿರಲಿಲ್ಲ.

ಸರ್ವಮಂಗಳಮ್ಮನನ್ನು ಸಮಾಧಿಯ ಗೂಡಿನಲ್ಲಿ ಕೂರಿಸಿ, ಬಿಲ್ವಪತ್ರೆ, ವಿಭೂತಿ ತುಂಬಿದರು. ಮಗ ಸಂಗಮೇಶ್ ಮೊದಲ ಮಣ್ಣು ಹಾಕಿದ. ಚನ್ನವೀರಯ್ಯನವರು ಎರಡು ಹಿಡಿ ಹಾಕಿ, ಮೂರನೆಯದಕ್ಕೆ ಬಗ್ಗಿದವರು ಏಳಲಾಗದೆ ಅಲ್ಲೇ ಕುಕ್ಕರಿಸಿದರು. ದೀಪಿಕಾ ತೋಳು ಹಿಡಿದು ಎಬ್ಬಿಸಿ, ಹೊಂಗೆಮರದ ನೆರಳಿಗೆ ಕರೆತಂದು ಕೂರಿಸಿದಳು.

"ಬೆಳಿಗ್ಗೆ ಹೊಂಬಾಳಮ್ಮನೋರಿಗೆ ಹಂಗಂದಿದ್ದು ತಪ್ಪು ಮಾವ," ಎಂದಳು. "ಅವ್ರಾಗಿ ತಗೊಂಡ್ ಹೋಗ್ಲಿಲ್ಲ. ಅತ್ತೇನೇ ತಗೊಂಡ್ ಹೋಗಿ ಅಂದಿದ್ದು."

*

ಮೊನ್ನೆ ಆ ಹೊತ್ತಿನಲ್ಲಿ ಚನ್ನವೀರಯ್ಯನವರು ಔಷಧಿ ತರಲು ಹೋಗಿದ್ದರು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತ ಸರ್ವಮಂಗಳಮ್ಮ ಹೇಳಿದ್ದಳು:

"ಹೊಂಬಾಳಕ್ಕ, ಮೂಟೆ ಇವತ್ತೇ ತಗೊಂಡ್ ಹೋಗಿ. ನಾನು ಹೋಗೋವಾಗ ಈ ಮನೇಲಿದ್ರೆ ಆಮೇಲೆ ಯಾರೂ ಮುಟ್ಟಲ್ಲ."

"ಥೂ, ಏನ್ ಮಾತು ಅಂತ ಆಡ್ತೀಯೆ! ಎದ್ದು ಓಡಾಡ್ತೀಯ ಕಣೆ ನೀನು."

"ಓಡಾಡಲ್ಲ, ನಂಗೊತ್ತು. ನಿಮ್ಮ ಹುಡುಗಿ ಮದ್ವೆ ಊಟ ಅದ್ರಲ್ಲೇ ಆಗ್ಲಿ. ಅದನ್ನ ನೋಡಿದೋರು ಮುಂದಕ್ಕೂ ಕೇಳ್ಕೊಂಡ್ ಬರ್ತಾರೆ. ಇಲ್ದಿದ್ರೆ ಇಷ್ಟು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ."

"ನಿಮ್ಮನೆಯೋರು ಕೇಳಿದ್ರೆ ನಾನೇನೇಳ್ಲಿ?"

"ಬೈತಾರೆ. ಬೈಸ್ಕೊಳಿ. ನಾನ್ ಹೇಳ್ದೆ ಅನ್ಬೇಡಿ, ನೊಂದ್ಕೋತಾರೆ."

ಹೊಂಬಾಳಮ್ಮ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಒಂದು ಕಡೆ, ದೀಪಿಕಾ ಒಂದು ಕಡೆ ಹಿಡಿದು ಮೂಟೆಗಳನ್ನು ಗೂಡಿನಿಂದ ತೆಗೆದು, ಹಾಸಿಗೆಯ ಪಕ್ಕದಲ್ಲೇ ಹಾಯ್ದು ಸಾಗಿಸಿದರು. ಕಣ್ಣು ಮುಚ್ಚಿದ್ದ ಸರ್ವಮಂಗಳಮ್ಮ ಒಂದು ಮೂಟೆ ಬಾಗಿಲಿಗೆ ತಗುಲಿದಾಗ, "ನಿಧಾನ ಕಣ್ರೇ, ಲೋಟ ನೆಗ್ಗುತ್ತೆ" ಎಂದಳು.

*

ಮನೆಗೆ ಬಂದಾಗ ಶಾಮಿಯಾನದ ಪಕ್ಕ ಒಲೆ ಹೂಡಿ, ದೂರದಿಂದ ಬಂದವರಿಗೆಂದು ಅಕ್ಕಪಕ್ಕದವರು ಅನ್ನ ಸಾರು ಮಾಡಿಟ್ಟಿದ್ದರು. ಟೇಬಲ್ಲಿನ ಮೇಲೆ ಪೇಪರ್ ತಟ್ಟೆಯ ಕಟ್ಟು ಕೂತಿತ್ತು. ಚನ್ನವೀರಯ್ಯನವರು ಈ ಸಲ ಅದನ್ನು ನೋಡಿಯೂ ಸುಮ್ಮನಾದರು. ಅವಳೇ ಬೇಡ ಅಂದ ಮೇಲೆ ಇನ್ನೇನು ಹಾರಾಡುವುದು? ಹೊಂಬಾಳಮ್ಮನ ಕ್ಷಮೆ ಕೇಳೋಣವೆಂದು ಹುಡುಕಿಕೊಂಡು ಹೋದರು.

ಕಾಂಪೌಂಡಿನ ಮೂಲೆಯಲ್ಲಿ ಹೊಂಬಾಳಮ್ಮನ ಮುಂದೆ ಮಹಾದೇವಯ್ಯ ನಿಂತಿದ್ದರು.

"ತಪ್ಪು ತಿಳ್ಕೋಬೇಡಿ ಬೀಗಿತ್ತಿ. ನಂದೇನೂ ಇಲ್ಲ, ನಾನು ಇದನ್ನೆಲ್ಲ ನಂಬೋನಲ್ಲ. ಮನೇಲಿ ಹೆಂಗಸ್ರು ಒಪ್ತಾ ಇಲ್ಲ. ಅಡುಗೆ ಕಂಟ್ರಾಕ್ಟಿನೋನೇ ತಟ್ಟೆನೂ ತರ್ತಾನೆ, ಹೇಳಾಯ್ತು. ಬಳಸಿ ಬಿಸಾಕೋದು, ತೊಳೆಯೋ ಕಷ್ಟಾನೂ ಇಲ್ಲ."

"ಜೀವ ಹೋಗೋಕ್ ಮುಂಚೇನೇ ತಂದಿಟ್ಟಿದೀನಿ ಬೀಗ್ರೆ. ಸಾವಿನ ಮನೇದಲ್ಲ ಅವು!"

"ಆಕೆ ಮಲಗಿದ್ದ ಮನೆ ತಾನೇ? ಇವತ್ತು ಬೆಳಿಗ್ಗೆ ಚನ್ನವೀರಣ್ಣನೇ ಎಲ್ರ ಮುಂದೂ ಹೇಳಿದ್ನಲ್ಲ. ಗುಬ್ಬಿವರೆಗೂ ಫೋನು ಹೋಗೈತೆ."

ಇದನ್ನು ಕೇಳಿಸಿಕೊಂಡೇ ಚನ್ನವೀರಯ್ಯನವರು ಹತ್ತಿರ ಬಂದರು. ಸಾಯುತ್ತಾ ಸಾಯುತ್ತಾ ಅವಳು ಗುಟ್ಟಾಗಿ ಕಾಪಾಡಿದ್ದನ್ನು ತಾನು ಒಂದೇ ಮಾತಿನಲ್ಲಿ ಬೀದಿಗೆ ತಂದದ್ದಾಯಿತು. ತನ್ನ ಬಾಯಿಯ ಮೇಲೆ, ಈ ಮಹಾದೇವಯ್ಯನ ಮೇಲೆ, ಇಂಥ ಜನಕ್ಕೆ ಸೋತು ಸೋತು ಕೆಲಸ ಮಾಡಿದ ಅವಳ ಮೇಲೂ ಅವರಿಗೆ ಸಿಟ್ಟು ಉಕ್ಕಿತು. "ಹೊಂಬಾಳಕ್ಕ..." ಎಂದರು.

ಹೊಂಬಾಳಮ್ಮ ಗೇಟು ದಾಟಿ ಹೋದರು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಕಡೆಯಿಂದ ಗಲಗಲ ಸದ್ದು ಕೇಳಿತು. ಹೊಂಬಾಳಮ್ಮ ಒಂದು ಮೂಟೆಯನ್ನು ರಸ್ತೆಯ ಮೇಲೆ ದರದರ ಎಳೆದುಕೊಂಡು ಬರುತ್ತಿದ್ದರು. ಜನ ತಾವಾಗಿ ದಾರಿ ಬಿಟ್ಟರು. ಶಾಮಿಯಾನದ ಕೆಳಗೆ ಕಟ್ಟು ಬಿಚ್ಚಿ ಸುರಿದರು.

"ಬೇಡ ಹೊಂಬಾಳಕ್ಕ," ಚನ್ನವೀರಯ್ಯನವರು ಅಡ್ಡ ಬಂದರು. "ಅವಳು ಬೇಡ ಅಂದಿದ್ಲಂತೆ. ದೀಪಿಕಾ ಎಲ್ಲ ಹೇಳಿದ್ಲು. ಇಲ್ಲಿ ಉಂಡ್ರೆ ಇವು ಇನ್ಯಾವ ಮದುವೆಗೂ ಹೋಗಲ್ಲ."

"ಈಗ್ಲೂ ಹೋಗಲ್ಲ ಅಂತ ಗೊತ್ತಾಯ್ತಲ್ಲಣ್ಣ. ಅವಳು ಜನ ಮುಟ್ಲಿ ಅಂತ ಕಳಿಸಿದ್ಲು. ಯಾರೂ ಮುಟ್ದೆ ನಮ್ಮನೇಲಿ ಕೊಳೆಯೋದಾದ್ರೆ ಅವಳ ಮನೇಲೇ ಉಣ್ಣೋಣ."

"ನಿಮ್ಮ ಹುಡುಗಿ ಮದುವೆ?"

"ನಮ್ಮ ಹುಡುಗೀನೇ ಹೇಳಿದ್ದು, ತಗೊಂಡ್ ಹೋಗಜ್ಜಿ ಅಂತ." ಅಷ್ಟು ಹೇಳಿ ಹೊಂಬಾಳಮ್ಮ ಮಹಾದೇವಯ್ಯನವರ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಅವರಿಗೂ ಹೆದರಿಕೆಯಿತ್ತು.

ದೀಪಿಕಾ ತಟ್ಟೆಗಳನ್ನು ತೊಳೆದು ಉದ್ದಕ್ಕೆ ಎರಡು ಸಾಲು ಹಾಕಿದಳು. ಚನ್ನವೀರಯ್ಯನವರು ಮೊದಲ ತಟ್ಟೆಯ ಮುಂದೆ ಕೂತರು, ಪಕ್ಕದಲ್ಲಿ ಸಂಗಮೇಶ್ ಕೂತ. ಎದುರು ಸಾಲಿನಲ್ಲಿ ಹೊಂಬಾಳಮ್ಮ ಸೆರಗು ಸಿಕ್ಕಿಸಿ, ಗೇಟಿಗೆ ಮುಖ ಮಾಡಿ ಕೂತರು. ಕುಣಿಗಲ್ಲಿನವರಿಗೆ ಬಸ್ಸಿನ ಹೊತ್ತಾಯಿತು. ಗಂಗಾಧರ್‌ಗೆ ತನ್ನ ಶುಗರ್ ಜ್ಞಾಪಕಕ್ಕೆ ಬಂತು, ಹೊರಟವನು ಅರ್ಧ ದಾರಿಗೆ ತಿರುಗಿ ಬಂದು, ಯಾರ ಮುಖವನ್ನೂ ನೋಡದೆ ಸಾಲಿನ ಕೊನೆಯಲ್ಲಿ ಕೂತ. ಉಳಿದ ತಟ್ಟೆಗಳ ಮುಂದೆ ಯಾರೂ ಬರಲಿಲ್ಲ.

ಮಹಾದೇವಯ್ಯ ಗೇಟಿನ ಬಳಿ ಚಪ್ಪಲಿ ಹುಡುಕುತ್ತಿದ್ದರು.

"ಬೀಗ್ರೆ, ಊಟ ಮಾಡ್ಕೊಂಡ್ ಹೋಗಿ," ಹೊಂಬಾಳಮ್ಮ ಕೂತಲ್ಲಿಂದಲೇ ಕೂಗಿದರು.

ಹೊಂಬಾಳಮ್ಮ ಅನ್ನ ಕಲಸಿ, ದೊಡ್ಡ ದೊಡ್ಡ ತುತ್ತು ಮಾಡಿ, ಅಳುತ್ತಲೇ ಉಂಡರು. ತಳ ಕಾಣುವ ತನಕ ಬಳಿದು, ತಟ್ಟೆಯನ್ನು ಎತ್ತಿ ಹಿಡಿದರು.

"ದೀಪಿಕಾ, ಇನ್ನೊಂದು ಸ್ವಲ್ಪ ಅನ್ನ ಹಾಕಮ್ಮ. ಸಾರು ಜಾಸ್ತಿ ಬುಡು."

ದೀಪಿಕಾ ಬಡಿಸಿದಳು. ಮಹಾದೇವಯ್ಯ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಬರಿಗಾಲನ್ನು ನೆಲಕ್ಕೂರಿ, ಗೇಟು ಹಿಡಿದುಕೊಂಡು, ಬೀಗಿತ್ತಿ ಎರಡನೆಯ ಸಲ ಉಣ್ಣುವುದನ್ನೇ ನೋಡುತ್ತ ನಿಂತಿದ್ದರು.