ಸಪ್ಪೆ ಸಾರು

ಗುಡ್ಡಮ್ಮನ ಕಾಲು ಮುರಿದದ್ದು ಸೊರಬದ ಬಸ್‌ಸ್ಟ್ಯಾಂಡಿನಲ್ಲಿ. ಉಳವಿಯ ಅಣ್ಣನ ಮನೆಗೆಂದು ಹೊರಟವಳು ಬಸ್ಸಿನ ಮೆಟ್ಟಿಲಿಂದ ನೆಲಕ್ಕೆ ಕಾಲಿಟ್ಟಳು, ಅಷ್ಟೇ. ಪಾದ ಹೊರಳಿತು, ಒಳಗೇನೋ ಲಟಕ್ಕೆಂದಿತು. ಹಿಂದಿನ ವರ್ಷ ಹೀಗೆಯೇ ಕೊಡಪಾನ ಎತ್ತುವಾಗ ಮುಂಗೈ ಮುರಿದಿತ್ತು. ಅರವತ್ತು ದಾಟಿದ ಹೆಂಗಸು, ಎಲುಬು ಸವೆದಿದೆ ಎಂದು ಆಗ ಎಲ್ಲರೂ ಸುಮ್ಮನಾಗಿದ್ದರು.

ಮಗ ಚಂದ್ರಶೇಖರಪ್ಪ ಅವಳನ್ನು ಶಿಕಾರಿಪುರದ ಆಸ್ಪತ್ರೆಗೆ ಕರೆತಂದ. ಡಾಕ್ಟರು ಪ್ಲಾಸ್ಟರ್ ಹಾಕಿ ಕೈ ತೊಳೆದುಕೊಂಡವರು ಅವಳ ಮುಖವನ್ನೇ ನೋಡುತ್ತ ನಿಂತರು. ಕಣ್ಣಿನ ಕೆಳಗೆ ಊತವಿತ್ತು. ಇನ್ನೊಂದು ಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಕಾಯಿಸಿದಾಗ ಒಡೆದ ಹಾಲಿನಂತೆ ಬೆಳ್ಳಗಾಯಿತು.

"ಇದು ಬರೀ ವಯಸ್ಸಿನ ತೊಂದರೆ ಅಲ್ಲಪ್ಪ," ಎಂದರು ಮಗನಿಗೆ. "ಮೂತ್ರಪಿಂಡ ಸೋತಿದೆ. ಅದು ಸೋತರೆ ಮೂಳೆ ಬಲವೂ ಹೋಗುತ್ತೆ, ವಯಸ್ಸಾದ ಹೆಂಗಸರಿಗಂತೂ ಇನ್ನೂ ಬೇಗ. ಈಗಲಾದರೂ ಗೊತ್ತಾಯ್ತಲ್ಲ. ಉಪ್ಪು ಬಿಡಿಸಿ, ಮಾತ್ರೆ ತಪ್ಪಿಸಬೇಡಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೂಲೆ ಹಿಡಿಸಬೇಡಿ, ನಡೆಸಿ."

ಅಂಜನಾಪುರದ ಮನೆಯಲ್ಲಿ ಇದನ್ನೆಲ್ಲ ನಡೆಸುವ ಹೊಣೆ ಸೊಸೆ ಸರ್ವಮಂಗಳಳ ಮೇಲೆ ಬಿತ್ತು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಉಪ್ಪಿಲ್ಲದ ಸಾರಿಗೆ ಹುಣಸೆ ಹೆಚ್ಚು ಹಾಕಿದಳು, ಬೆಳ್ಳುಳ್ಳಿ ಸುಟ್ಟು ಜಜ್ಜಿ ಹಾಕಿದಳು. ಗುಡ್ಡಮ್ಮ ಒಂದು ತುತ್ತು ಬಾಯಿಗಿಟ್ಟು ತಟ್ಟೆ ನೂಕಿದಳು. "ದನಕ್ಕೆ ಕಲಗಚ್ಚು ಇಟ್ಟಂಗೈತಿ."

ನೋಡಲು ಬಂದ ಪಕ್ಕದ ಮನೆಯ ತಿಮ್ಮಮ್ಮನ ಹತ್ತಿರ ಅತ್ತಳು. "ಒಂದು ಕಲ್ಲು ಉಪ್ಪಿಗೂ ಗತಿಯಿಲ್ದಂಗೆ ಮಾಡ್ಯಾಳೆ ನೋಡು. ತಾವು ಒಳಗೆ ಏನು ಉಣ್ತಾರೋ ಯಾರಿಗೆ ಗೊತ್ತು."

ಆ ಮಾತು ಊರು ಸುತ್ತಿ, ಬಸ್ಸು ಹತ್ತಿ ಉಳವಿಗೂ ಹೋಯಿತು. ಒಂದು ಮಧ್ಯಾಹ್ನ ಅಣ್ಣ ಮಾಸ್ತಪ್ಪ ಮಿಡಿ ಉಪ್ಪಿನಕಾಯಿಯ ಭರಣಿ ಹಿಡಿದು ಬಂದೇಬಿಟ್ಟ. ನೀರು ಕೊಟ್ಟರೂ ಮುಟ್ಟಲಿಲ್ಲ.

"ಏನಮ್ಮಾ, ನನ್ನ ತಂಗಿನ ಉಪವಾಸ ಕೆಡವಿದೀಯಂತೆ? ಕಾಲು ಮುರ್ಕಂಡು ಬಿದ್ದೋಳು ಅಂತ ಸದರವಾ?"

ಸರ್ವಮಂಗಳ ತಲೆ ತಗ್ಗಿಸಿ, "ಡಾಕ್ಟರು ಹೇಳ್ಯಾರ್ರೀ ಮಾವಾರೆ," ಎಂದಳು.

"ಡಾಕ್ಟರ ಮಾತು ಆಮೇಲೆ. ನೀನು ಉಣ್ಣೋ ಸಾರು ತಗಂಬಾ, ಬಾಯಿಗೆ ಹಾಕಿ ನೋಡ್ತೀನಿ."

ಅವಳು ಒಲೆಯ ಮೇಲಿದ್ದ ಪಾತ್ರೆಯನ್ನೇ ತಂದಿಟ್ಟಳು. ಮಾಸ್ತಪ್ಪ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಮುಖ ಸಿಂಡರಿಸಿದ. "ಇದು ಅವಳದ್ದು. ನಿಂದು ಯಾವ್ದು?"

"ಇದೇರೀ. ಇನ್ನೊಂದು ಪಾತ್ರೆ ಇಡೋದಿಲ್ಲ. ವಾಸನೆ ಬಂದ್ರೆ ಅತ್ತೆಗೆ ಆಸೆ ಆಗ್ತೈತಿ. ನಮ್ಮ ಮನೆಯೋರಿಗೆ ಮಾತ್ರ ತಟ್ಟೆ ಬದಿಗೆ ಒಂಚೂರು ಉಪ್ಪು ಇಡ್ತೀನಿ, ಹೊಲದಾಗ ಬೆವರು ಸುರಿಸಿ ಬರ್ತಾರಲ್ಲ."

ಮಂಚದ ಮೇಲಿದ್ದ ಗುಡ್ಡಮ್ಮ ಸೊಸೆಯನ್ನು ನೋಡಿದಳು. ಹುಡುಗಿಯ ಕೆನ್ನೆ ಇಳಿದಿತ್ತು. ಎದುರಿಗೇ ಓಡಾಡುತ್ತಿದ್ದವಳನ್ನು ಇಷ್ಟು ದಿನ ತಾನು ಕಣ್ಣೆತ್ತಿ ನೋಡಿರಲಿಲ್ಲವಲ್ಲ ಎನ್ನಿಸಿತು.

"ಅಣ್ಣಾ, ಅವಳಿಗೇನೂ ಅನಬ್ಯಾಡ," ಎಂದಳು. "ನಂದೇ ಬಾಯಿ ಕೆಟ್ಟಿದ್ದು. ಆ ಭರಣಿ ವಾಪಸ್ ತಗಂಡು ಹೋಗು. ಇಲ್ಲಿದ್ರೆ ನನ್ನ ಕೈ ಸುಮ್ಮನಿರಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, "ಮಂಗಳಾ, ನೀನು ಉಪ್ಪು ಹಾಕ್ಕೊಂಡು ಉಣ್ಣು. ನನಗೆ ಆಸೆ ಆದ್ರೆ ಆಗ್ಲಿ, ತಡ್ಕೋತೀನಿ."

ಮಾಸ್ತಪ್ಪ ಆ ಹೊತ್ತು ಅದೇ ಸಾರಿನಲ್ಲಿ ಉಂಡು, ಭರಣಿ ಎತ್ತಿಕೊಂಡು ಹೋದ.

ಮಳೆಗಾಲ ಹಿಡಿಯುವ ಹೊತ್ತಿಗೆ ಗುಡ್ಡಮ್ಮನ ಮುಖದ ಊತ ಇಳಿಯಿತು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ಮತ್ತೆ ಮೂತ್ರ ಕಾಯಿಸಿ ನೋಡಿದರು. ಈ ಸಲ ತೆಳುವಾದ ಮಸುಕಷ್ಟೇ ಇತ್ತು. "ಪೂರಾ ವಾಸಿ ಅಂತ ಹೇಳಲಾರೆ ತಾಯಿ. ಆದರೆ ಹೀಗೇ ಕಾಪಾಡಿಕೊಂಡರೆ ಬಹಳ ಕಾಲ ಓಡಾಡಿಕೊಂಡಿರಬಹುದು," ಎಂದರು.

ಮೊದಮೊದಲು ಸೊಸೆಯ ಹೆಗಲು ಹಿಡಿದು ಜಗಲಿಯವರೆಗೆ ನಡೆದಳು, ಆಮೇಲೆ ಕೋಲೂರಿ ಅಂಗಳಕ್ಕೆ ಇಳಿದಳು. ಒಂದು ಬೆಳಿಗ್ಗೆ ಯಾರನ್ನೂ ಕರೆಯದೆ, ಹೊಸ್ತಿಲು ದಾಟಿ ನಿಧಾನಕ್ಕೆ ತಿಮ್ಮಮ್ಮನ ಮನೆಗೆ ಹೋದಳು. ಸರ್ವಮಂಗಳ ಗಾಬರಿಯಿಂದ ಬಾಗಿಲಿಗೆ ಓಡಿ ಬಂದಳು. ಅತ್ತೆ ಹಿಂತಿರುಗಿ ನೋಡದೆ ಕೈ ಬೀಸಿದಳು.

"ಅವತ್ತು ನಾ ಅಂದಿದ್ದು ಸುಳ್ಳು ತಿಮ್ಮಮ್ಮ," ಎಂದಳು ಜಗಲಿಯ ಮೇಲೆ ಉಸಿರು ತಿರುಗಿಸಿಕೊಳ್ಳುತ್ತ. "ನನ್ನ ಸೊಸೆ ತಾನೂ ಸಪ್ಪೆ ಉಂಡು ನನ್ನನ್ನ ಎಬ್ಬಿಸಿ ನಿಲ್ಸಿದ್ಲು. ಊರಿಗೆಲ್ಲ ಅದನ್ನ ಹೇಳಿದ್ಯಲ್ಲ, ಇದನ್ನೂ ಹೇಳು."

ತಿಮ್ಮಮ್ಮ ನಾಚಿಕೊಂಡು ನಕ್ಕು, ಮಜ್ಜಿಗೆ ತರಲು ಎದ್ದಳು.

"ಉಪ್ಪು ಹಾಕಬ್ಯಾಡ," ಎಂದು ಗುಡ್ಡಮ್ಮ ಒಳಗೆ ಕೇಳುವಂತೆ ಕೂಗಿದಳು.